ಲಕ್ಷುರಿ ಕಾರಿನ ಒಳಗೆ ನಿಮ್ಮ ದುಡ್ಡು ಎಲ್ಲಿ ಹೋಗುತ್ತಿದೆ?

ಇಲ್ಲಿ ನಾನು ಸಾಮಾನ್ಯವಾಗಿ ಎಸ್‌ಐಪಿ, ಎನ್‌ಆರ್‌ಇ ಡಿಪಾಸಿಟ್, ಟರ್ಮ್ ಇನ್ಶೂರೆನ್ಸ್ ಬಗ್ಗೆ ಬರೆಯುವವನು. ಈ ಸಲ ಕಾರಿನ ಬಗ್ಗೆ. ಕಾರಣ ಸರಳ. ಗಲ್ಫಿನಲ್ಲಿರುವ ನಮ್ಮವರು ಊರಿನ ಮನೆ, ಜಾಗ ಬಿಟ್ಟರೆ ದೊಡ್ಡ ಮೊತ್ತ ಹಾಕುವುದು ಕಾರಿಗೆ. ಆದರೆ ಕಡಿಮೆ ಲೆಕ್ಕ ಹಾಕುವುದೂ ಕಾರಿಗೇ. ಅದರಲ್ಲೂ 'ಲಕ್ಷುರಿ' ಎಂಬ ಪದ ಸೇರಿಕೊಂಡರೆ ಲೆಕ್ಕದ ಪುಸ್ತಕವನ್ನೇ ಮುಚ್ಚಿಬಿಡುತ್ತೇವೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಹೊಸ ಲಕ್ಷುರಿ ಕಾರುಗಳಲ್ಲಿ ಬಹುಪಾಲಿನ ಒಳಭಾಗ ಮೊದಲಿನಷ್ಟು ಗಟ್ಟಿಯಾಗಿಲ್ಲ. ಚರ್ಮ, ಮರ, ಲೋಹ, ದಪ್ಪ ಬಟ್ಟೆಯಂಥ ನಿಧಾನವಾಗಿ ಹಳೆಯದಾಗುವ ವಸ್ತುಗಳಿಂದ ದುಡ್ಡು ಉಳಿಸಿ, ಪರದೆ, ಬಣ್ಣದ ಲೈಟು, ಸಾಫ್ಟ್‌ವೇರ್‌ನಂಥ ಬೇಗ ಹಳೆಯದಾಗುವ ವಸ್ತುಗಳಿಗೆ ಹಾಕುತ್ತಿದ್ದಾರೆ. ಬೆಲೆ ಮಾತ್ರ ಇಳಿದಿಲ್ಲ. ಇದನ್ನು ಅಭಿರುಚಿಯ ವಿಷಯ ಅಂದುಕೊಳ್ಳಬೇಡಿ, ಇದು ಸವಕಳಿಯ ವಿಷಯ. ಈ ಸವಕಳಿಯ ಬಿಲ್ಲು ಕೊನೆಗೆ ಬರುವುದು ನಮ್ಮಂಥ ಸಂಬಳದವರ ಕೈಗೆ.

ಬಿಸಿಲು ಹೇಳುವ ಸತ್ಯ

ನಾನಿರುವುದು ಮದೀನತ್ ಜಾಯೆದ್‌ನಲ್ಲಿ. ಅಬುಧಾಬಿ ನಗರದೊಳಗೆ ಚಿನ್ನದ ಅಂಗಡಿಗಳಿರುವ ಇದೇ ಹೆಸರಿನ ಜಾಗ ಅನೇಕರಿಗೆ ಗೊತ್ತು, ಅದಲ್ಲ. ಇದು ಅಲ್ ದಫ್ರಾ ಪ್ರದೇಶದ ಊರು, ತರೀಫ್‌ನಿಂದ ಲಿವಾ ಕಡೆಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಸುತ್ತಮುತ್ತ ಮರಳು, ತೈಲ ಮತ್ತು ಗ್ಯಾಸ್ ಫೀಲ್ಡುಗಳು. 2013ರಲ್ಲಿ ಉದ್ಘಾಟನೆಯಾದ 100 ಮೆಗಾವ್ಯಾಟ್‌ನ ಶಮ್ಸ್ 1 ಸೌರ ಸ್ಥಾವರವೂ ಇಲ್ಲೇ ಹತ್ತಿರ. ಬಿಸಿಲಿನಿಂದ ಕರೆಂಟು ತೆಗೆಯಲೆಂದು ಆರಿಸಿಕೊಂಡ ಜಾಗದಲ್ಲಿ ನಾವು ದಿನಕ್ಕೆ ಹತ್ತು ಗಂಟೆ ಕಾರು ನಿಲ್ಲಿಸಿ ಕೆಲಸಕ್ಕೆ ಹೋಗುತ್ತೇವೆ.

ಬೇಸಿಗೆಯಲ್ಲಿ ಹೊರಗೆ 45 ಡಿಗ್ರಿ ದಾಟುವುದು ಮಾಮೂಲು. ನೆರಳಿಲ್ಲದೆ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು, ಡ್ಯಾಶ್‌ಬೋರ್ಡ್ ಮೇಲೆ ಕೈ ಇಡಲು ಆಗುವುದಿಲ್ಲ. ಬೆಂಗಳೂರಿನಲ್ಲಿ ಹತ್ತು ವರ್ಷಕ್ಕೆ ಕಾಣುವ ದೋಷ ಇಲ್ಲಿ ನಾಲ್ಕೈದು ವರ್ಷಕ್ಕೇ ಕಾಣುತ್ತದೆ ಅನ್ನುವುದು ನನ್ನ ಅನುಭವ. ಹಾಗಾಗಿ ಒಂದು ಕಾರಿನ ಒಳಭಾಗ ನಿಜಕ್ಕೂ ಹೇಗಿದೆ ಎಂದು ತಿಳಿಯಬೇಕಾದರೆ ಶೋರೂಮಿಗಿಂತ ನಮ್ಮ ಪಾರ್ಕಿಂಗ್ ಒಳ್ಳೆಯ ಜಾಗ.

ಅಲ್ಲಿ ನಾನು ನೋಡುವುದನ್ನು ಹೇಳುತ್ತೇನೆ, ಬ್ರ್ಯಾಂಡಿನ ಹೆಸರು ಬೇಡ. ನಾಲ್ಕು ವರ್ಷದ ಎಸ್‌ಯುವಿಯಲ್ಲಿ ಬಾಗಿಲಿನ ಬಟನ್‌ಗಳು ಬೆರಳಿಗೆ ಬೆಲ್ಲದ ಪಾಕದ ಹಾಗೆ ಅಂಟುತ್ತವೆ. ಐದು ವರ್ಷದ ಸೆಡಾನಿನಲ್ಲಿ ಮೇಲ್ಛಾವಣಿಯ ಬಟ್ಟೆ ಜೋತುಬಿದ್ದು ಹಿಂದೆ ಕುಳಿತವರ ತಲೆಗೆ ತಾಗುತ್ತದೆ. ಇನ್ನೊಂದರಲ್ಲಿ ಡ್ಯಾಶ್‌ಬೋರ್ಡಿನ ಹೊದಿಕೆ ಕುಗ್ಗಿ ಏಸಿ ಕಿಂಡಿಯ ಪಕ್ಕದಲ್ಲಿ ಎದ್ದು ನಿಂತಿದೆ. ಗೇರಿನ ಸುತ್ತ ಕನ್ನಡಿಯಂತೆ ಹೊಳೆಯುತ್ತಿದ್ದ ಕಪ್ಪು ಪ್ಲಾಸ್ಟಿಕ್ ಈಗ ಗೀರುಗಳ ಚಿತ್ರಪಟ. ಪಕ್ಕದಲ್ಲೇ ನಿಂತ ಲ್ಯಾಂಡ್ ಕ್ರೂಸರ್ 70 ಪಿಕಪ್‌ನ ಒಳಗೆ ಇರುವುದು ಅಗ್ಗದ ಗಟ್ಟಿ ಪ್ಲಾಸ್ಟಿಕ್, ಮಣ್ಣು ಮೆತ್ತಿದ ಸೀಟು. ಆದರೆ ಯಾವುದೂ ಅಂಟುವುದಿಲ್ಲ, ಜೋಲುವುದಿಲ್ಲ. 1984ರಲ್ಲಿ ಬಂದ ಆ ಸರಣಿ ಇಂದಿಗೂ ಮಾರಾಟದಲ್ಲಿದೆ.

ಇದರ ಹಿಂದಿನ ಕಾರಣ ನಿಗೂಢವೇನಲ್ಲ. ಅಗ್ಗದ ಗಟ್ಟಿ ಪ್ಲಾಸ್ಟಿಕ್ ಮೇಲೆ ಪಾಲಿಯುರೆಥೇನ್ ಲೇಪ ಹಚ್ಚಿದರೆ ಮುಟ್ಟಿದಾಗ ಮೃದುವಾಗಿ, ದುಬಾರಿಯಾಗಿ ಅನಿಸುತ್ತದೆ. ಶಾಖ, ತೇವಾಂಶ, ಕೈಯ ಬೆವರು ಸೇರಿದರೆ ಕೆಲವು ವರ್ಷಗಳಲ್ಲಿ ಆ ಲೇಪ ಒಡೆದು ಅಂಟಾಗುತ್ತದೆ. ಛಾವಣಿಯ ಬಟ್ಟೆಯ ಹಿಂದೆ ತೆಳ್ಳಗಿನ ಫೋಮ್ ಇರುತ್ತದೆ. ಶಾಖಕ್ಕೆ ಅದು ಪುಡಿಯಾದರೆ ಬಟ್ಟೆಗೆ ಹಿಡಿತ ಹೋಗುತ್ತದೆ. ಅಂದರೆ ವಸ್ತು ದುಬಾರಿಯಲ್ಲ, ದುಬಾರಿ ಅನಿಸುವಂತೆ ಮಾಡಿದ್ದು. ಆ ಅನಿಸಿಕೆಗೆ ಆಯಸ್ಸು ಕಡಿಮೆ.

ಇದು ಮರುಭೂಮಿಯವರ ಗೊಣಗಾಟ ಮಾತ್ರವಲ್ಲ. ಫೆರಾರಿಯ ಹಳೆಯ ಮಾದರಿಗಳಲ್ಲಿ ಅಂಟುವ ಬಟನ್‌ಗಳು ಎಷ್ಟು ಪ್ರಸಿದ್ಧವೆಂದರೆ, ಅವನ್ನು ತೆಗೆದು ಮರುಲೇಪ ಮಾಡಿಕೊಡುವುದೇ ಕೆಲವರಿಗೆ ವ್ಯಾಪಾರವಾಗಿದೆ. ಗುಣಮಟ್ಟಕ್ಕೆ ಹೆಸರಾದ ಟೊಯೊಟಾ ಮತ್ತು ಲೆಕ್ಸಸ್ ಕೂಡ ಕೆಲವು ಮಾದರಿಗಳ ಡ್ಯಾಶ್‌ಬೋರ್ಡ್ ಬಿಸಿಲಿಗೆ ಅಂಟಾಗಿ ಹೊಳೆಯತೊಡಗಿದಾಗ ಅಮೆರಿಕದಲ್ಲಿ ಬದಲಿಸಿಕೊಡುವ ಯೋಜನೆ ನಡೆಸಬೇಕಾಯಿತು.

ಬೆಲೆ ಮೊದಲೋ, ಕಾರು ಮೊದಲೋ?

ಹೀಗೇಕಾಯಿತು ಎಂಬುದರಲ್ಲಿ ನಮಗೆ ಒಂದು ಒಳ್ಳೆಯ ಹಣಕಾಸಿನ ಪಾಠವಿದೆ.

ಒಂದು ಕಾಲದಲ್ಲಿ ಮರ್ಸಿಡಿಸ್ ಕಂಪನಿಯಲ್ಲಿ ಎಂಜಿನಿಯರುಗಳು ತಮಗೆ ಸರಿ ಕಂಡ ಕಾರನ್ನು ಮಾಡುತ್ತಿದ್ದರು. ಆಮೇಲೆ ಖರ್ಚು ಕೂಡಿಸಿ, ಲಾಭ ಸೇರಿಸಿ, ಬೆಲೆ ಹೇಳುತ್ತಿದ್ದರು. 1976ರಿಂದ 1986ರವರೆಗೆ ತಯಾರಾದ ಡಬ್ಲ್ಯು123 ಎಂಬ ಮಾದರಿ ಆ ಪದ್ಧತಿಯ ಫಲ. ಸುಮಾರು 27 ಲಕ್ಷ ಕಾರುಗಳು ಮಾರಾಟವಾದವು. ಅದರ ಅನೇಕ ಸೀಟುಗಳಲ್ಲಿ ಇದ್ದದ್ದು ಚರ್ಮವಲ್ಲ, ಎಂಬಿ-ಟೆಕ್ಸ್ ಎಂಬ ವಿನೈಲ್. ಟ್ಯಾಕ್ಸಿಗಳಲ್ಲಿ ಲಕ್ಷಾಂತರ ಕಿಲೋಮೀಟರ್ ಓಡಿದರೂ ಹರಿಯದ ವಸ್ತು ಎಂದು ಅದಕ್ಕೆ ಇಂದಿಗೂ ಹೆಸರಿದೆ. ಆದ್ದರಿಂದ ನನ್ನ ತಕರಾರು ಕೃತಕ ಚರ್ಮದ ಮೇಲೆ ಅಲ್ಲ. ಕೃತಕವಾದರೂ ಗಟ್ಟಿಯಾಗಿ ಮಾಡಬಹುದು ಎಂದು ಅವರೇ ತೋರಿಸಿಕೊಟ್ಟಿದ್ದರು.

1989ರಲ್ಲಿ ಲೆಕ್ಸಸ್ ಎಲ್‌ಎಸ್ 400 ಬಂತು. ಅಮೆರಿಕದಲ್ಲಿ ಆರಂಭದ ಬೆಲೆ ಸುಮಾರು 35,000 ಡಾಲರ್. ಅದೇ ದರ್ಜೆಯ ಜರ್ಮನ್ ಕಾರುಗಳಿಗಿಂತ ಬಹಳ ಕಡಿಮೆ. 1991ರಲ್ಲಿ ಬಂದ ಮರ್ಸಿಡಿಸ್‌ನ ಡಬ್ಲ್ಯು140 ಎಸ್-ಕ್ಲಾಸ್ ಖರ್ಚಿನಲ್ಲೂ ಸಮಯದಲ್ಲೂ ಲೆಕ್ಕ ಮೀರಿತ್ತು. ಆಮೇಲೆ ಜರ್ಮನಿಯವರೂ ಲೆಕ್ಕವನ್ನು ತಿರುಗಿಸಿದರು: ಮಾರುಕಟ್ಟೆ ಎಷ್ಟು ಕೊಡುತ್ತದೆ ಎಂದು ಮೊದಲು ನೋಡಿ, ಲಾಭ ಕಳೆದು, ಉಳಿದದ್ದರಲ್ಲಿ ಕಾರು ಮಾಡಿ. ಟೊಯೊಟಾ ಮೊದಲಿನಿಂದಲೂ ಮಾಡುತ್ತಿದ್ದದ್ದು ಇದನ್ನೇ.

ಹಾಗಾದರೆ ಪದ್ಧತಿಯೇ ಕೆಟ್ಟದ್ದೇ? ಅಲ್ಲ. ಅದೇ ಪದ್ಧತಿಯಲ್ಲಿ ಮಾಡಿದ ಲೆಕ್ಸಸ್ ಮೂವತ್ತು ವರ್ಷ ಓಡುತ್ತದೆ. ಪ್ರಶ್ನೆ, ಎಲ್ಲಿ ಕತ್ತರಿ ಹಾಕುತ್ತೀರಿ ಎಂಬುದು. ಅದೇ 1990ರ ದಶಕದಲ್ಲಿ ಮರ್ಸಿಡಿಸ್‌ನ ಕೆಲವು ಮಾದರಿಗಳಲ್ಲಿ ಎಂಜಿನ್ ವೈರಿನ ಹೊದಿಕೆ ಶಾಖಕ್ಕೆ ಪುಡಿಪುಡಿಯಾಗಿ ಉದುರಿದ್ದು, ಆಮೇಲಿನ ಮಾದರಿಗಳಿಗೆ ತುಕ್ಕು ಹಿಡಿದದ್ದು ಎಲ್ಲರಿಗೂ ಗೊತ್ತಿರುವ ಕತೆ. ಕತ್ತರಿ ಹಾಕಿದ್ದು ಒಂದು ವರ್ಷ, ಕಾಣಿಸಿದ್ದು ಹತ್ತು ವರ್ಷದ ಮೇಲೆ.

ಆ ಹತ್ತು ವರ್ಷದ ಅಂತರವೇ ಮುಖ್ಯ. ಅಮೆರಿಕ, ಜರ್ಮನಿಯಲ್ಲಿ ಲಕ್ಷುರಿ ಕಾರಿನ ಮೊದಲ ಗಿರಾಕಿಗಳಲ್ಲಿ ದೊಡ್ಡ ಪಾಲು ಲೀಸ್‌ನವರು. ಎರಡು ಮೂರು ವರ್ಷ ಓಡಿಸಿ ವಾಪಸ್ ಕೊಡುವವರಿಗೆ ಏಳನೇ ವರ್ಷದ ಛಾವಣಿ ಬಟ್ಟೆಯ ಚಿಂತೆ ಏಕೆ? ಶೋರೂಮಿನಲ್ಲಿ ಅವರ ಕಣ್ಣು ಕುಕ್ಕುವುದು ಪರದೆ ಮತ್ತು ಲೈಟು, ದುಡ್ಡು ಅಲ್ಲಿಗೆ ಹೋಗುತ್ತದೆ. ಏಳನೇ ವರ್ಷದಲ್ಲಿ ಆ ಕಾರಿನೊಳಗೆ ಕೂರುವವರು ಎರಡನೇ, ಮೂರನೇ ಮಾಲೀಕರು. ಗಲ್ಫಿನಲ್ಲಿ ಅದು ಯಾರು ಎಂದು ಯೋಚಿಸಿ. ನಾವೇ.

ಪರದೆ ಎಂಬ ಬೇಗ ಸವೆಯುವ ಆಸ್ತಿ

2021ರಲ್ಲಿ ಮರ್ಸಿಡಿಸ್ ಇಕ್ಯುಎಸ್ ಕಾರಿನಲ್ಲಿ 141 ಸೆಂಟಿಮೀಟರ್ ಅಗಲದ ಹೈಪರ್‌ಸ್ಕ್ರೀನ್ ಬಂತು. ನೋಡಲು ಬೆರಗು, ಸಂಶಯವಿಲ್ಲ. ಆದರೆ ಎಲೆಕ್ಟ್ರಾನಿಕ್ಸ್‌ನ ಸ್ವಭಾವ ನಿಮಗೆ ಗೊತ್ತು. ಐದು ವರ್ಷ ಹಿಂದಿನ ನಿಮ್ಮ ಫೋನಿಗೆ ಈಗ ಎಷ್ಟು ಕೊಡುತ್ತಾರೆ? ಅದೇ ವರ್ಷ ಟೆಸ್ಲಾ ಕಂಪನಿ ಮಾಡೆಲ್ ಎಸ್ ಮತ್ತು ಎಕ್ಸ್‌ನ ಸುಮಾರು 1.35 ಲಕ್ಷ ಕಾರುಗಳನ್ನು ಅಮೆರಿಕದಲ್ಲಿ ವಾಪಸ್ ಕರೆಸಿತು. ಮಧ್ಯದ ಪರದೆಯ ಹಿಂದಿದ್ದ 8 ಜಿಬಿ ಮೆಮೊರಿ ಚಿಪ್ ಬಳಸಿ ಬಳಸಿ ಸವೆದು ಪರದೆ ಕೆಲಸ ನಿಲ್ಲಿಸುತ್ತಿತ್ತು. ಚರ್ಮ ಸವೆದರೆ ಹೊಲಿಯಬಹುದು, ಚಿಪ್ ಸವೆದರೆ ಏನು ಮಾಡುತ್ತೀರಿ?

ಜೆ.ಡಿ. ಪವರ್ ಸಂಸ್ಥೆ ಮೂರು ವರ್ಷ ಹಳೆಯ ಕಾರುಗಳ ಬಗ್ಗೆ ಅಮೆರಿಕದಲ್ಲಿ ನಡೆಸುವ ಸಮೀಕ್ಷೆಯಲ್ಲಿ ಅತಿ ಹೆಚ್ಚು ದೂರು ಬರುವ ವಿಭಾಗ ಎಂಜಿನ್ ಅಲ್ಲ, ಗೇರ್ ಅಲ್ಲ, ಇದೇ ಪರದೆ ಮತ್ತು ಅದರ ವ್ಯವಸ್ಥೆ. 2023, 2024, 2025 ಮೂರೂ ವರ್ಷ ಆ ಪಟ್ಟಿಯಲ್ಲಿ ಲೆಕ್ಸಸ್ ಮೊದಲು.

ಈಗ ತಯಾರಕರೇ ತಿರುಗುತ್ತಿದ್ದಾರೆ. ಬಿಎಂಡಬ್ಲ್ಯು 2022ರಲ್ಲಿ ಕೆಲವು ದೇಶಗಳಲ್ಲಿ ಸೀಟು ಬಿಸಿ ಮಾಡುವುದಕ್ಕೂ ತಿಂಗಳ ಬಾಡಿಗೆ ಕೇಳಿತು, ಜನ ನಕ್ಕ ಮೇಲೆ 2023ರಲ್ಲಿ ಕೈಬಿಟ್ಟಿತು. ಮುಖ್ಯ ಬಟನ್‌ಗಳನ್ನು ವಾಪಸ್ ತರುತ್ತೇವೆ ಎಂದು ಫೋಕ್ಸ್‌ವ್ಯಾಗನ್ ಹೇಳಿದೆ. ಯೂರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್‌ನಂಥ ಮೂಲ ಕೆಲಸಗಳಿಗೆ ನಿಜವಾದ ಬಟನ್ ಅಥವಾ ಕಡ್ಡಿ ಇದ್ದರೆ ಮಾತ್ರ ಪೂರ್ತಿ ಅಂಕ ಕೊಡುವ ನಿಯಮ ತಂದಿದೆ. ಮರ್ಸಿಡಿಸ್‌ನ ವಿನ್ಯಾಸ ಮುಖ್ಯಸ್ಥರಾಗಿದ್ದಾಗ ಗಾರ್ಡನ್ ವಾಗೆನರ್ ಅವರೇ, ಪರದೆ ಈಗ ಎಲ್ಲ ಕಾರಿನಲ್ಲೂ ಇದೆ, ಅದು ಲಕ್ಷುರಿ ಅಲ್ಲ ಎಂಬ ಅರ್ಥದ ಮಾತಾಡಿದ್ದಾರೆ. ಒಳ್ಳೆಯದೇ. ಆದರೆ ಈ ನಡುವಿನ ವರ್ಷಗಳಲ್ಲಿ ಮಾರಾಟವಾದ ಕಾರುಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿವೆ. ಅವು ಬರುವುದು ನಮ್ಮ ಬಜೆಟ್ಟಿಗೇ.

ಬೆಂಗಳೂರಿನವರಿಗೆ ಒಂದು ಮಾತು. ಮರ್ಸಿಡಿಸ್‌ಗೆ ಜರ್ಮನಿಯ ಹೊರಗಿನ ಅತಿ ದೊಡ್ಡ ಸಂಶೋಧನಾ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ. ಕಾರಿನ ಬೆಲೆ ಮರ, ಚರ್ಮದಿಂದ ಸಾಫ್ಟ್‌ವೇರ್‌ಗೆ ತಿರುಗಿದ್ದರಿಂದ ನಮ್ಮ ಮಕ್ಕಳಿಗೆ ಕೆಲಸ ಸಿಕ್ಕಿದೆ. ನಾನು ಅದನ್ನು ದೂರುವುದಿಲ್ಲ. ಸಂಬಳ ಪಡೆಯುವವರಾಗಿ ಅದು ನಮಗೆ ಲಾಭ, ಕೊಳ್ಳುವವರಾಗಿ ಮಾತ್ರ ಎಚ್ಚರ ಬೇಕು.

ಇನ್ನೊಂದು ಪಕ್ಕದ ಮಾತು

ಎದುರು ವಾದವೂ ಇದೆ, ಅದರಲ್ಲಿ ಹುರುಳಿದೆ. ಇಂದಿನ ಕಾರುಗಳು ಅಪಘಾತದಲ್ಲಿ ಜೀವ ಉಳಿಸುವಷ್ಟು 1980ರ ಕಾರುಗಳು ಉಳಿಸುತ್ತಿರಲಿಲ್ಲ. ಏರ್‌ಬ್ಯಾಗ್, ಸೆನ್ಸರ್, ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಎಲ್ಲಕ್ಕೂ ದುಡ್ಡು ಬೇಕು. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿಯೇ ಬಜೆಟ್ಟಿನ ದೊಡ್ಡ ಭಾಗ ತಿನ್ನುತ್ತದೆ. ತೂಕ ಇಳಿಸಬೇಕಾದರೆ ದಪ್ಪ ವಸ್ತು ಹಾಕಲಾಗುವುದಿಲ್ಲ. ಇನ್ನೊಂದು: ಇಂದು ರಸ್ತೆಯಲ್ಲಿ ಕಾಣುವ ಹಳೆಯ ಬೆಂಜ್‌ಗಳು ಉಳಿದುಕೊಂಡವು, ಕೆಟ್ಟವು ಯಾವತ್ತೋ ಗುಜರಿಗೆ ಹೋದವು. ಉಳಿದದ್ದನ್ನು ಮಾತ್ರ ನೋಡಿ 'ಹಿಂದಿನದೆಲ್ಲ ಚಿನ್ನ' ಅನ್ನುವುದು, ಈಗ ಬದುಕಿರುವ ಮ್ಯೂಚುಯಲ್ ಫಂಡ್‌ಗಳನ್ನು ಮಾತ್ರ ನೋಡಿ ಸರಾಸರಿ ಲಾಭ ಹೇಳಿದ ಹಾಗೆ.

ಇದೆಲ್ಲ ಒಪ್ಪುತ್ತೇನೆ. ಆದರೆ ಸುರಕ್ಷತೆಯ ವ್ಯವಸ್ಥೆಗಳು ಈಗ ಸಾಮಾನ್ಯ ಕಾರಿನಲ್ಲೂ ಇವೆ, ದೊಡ್ಡ ಪರದೆಯೂ ಇದೆ. ಹಾಗಿದ್ದರೆ ಲಕ್ಷುರಿ ಎಂದು ಎರಡು ಪಟ್ಟು ಬೆಲೆ ಕೊಡುವುದು ಯಾವುದಕ್ಕೆ? ಉಳಿಯುವ ಒಂದೇ ಉತ್ತರ, ವಸ್ತು ಮತ್ತು ಕೆಲಸಗಾರಿಕೆ. ಅಲ್ಲೇ ಕತ್ತರಿ ಬಿದ್ದಿದ್ದರೆ ನಾವು ಕೊಡುತ್ತಿರುವುದು ಲಾಂಛನದ ಬೆಲೆ.

ಒಬ್ಬ ಹುಡುಗನ ಪ್ರಶ್ನೆ

ನಮ್ಮ ಸೈಟಿನಲ್ಲಿ ಕುಂದಾಪುರ ಕಡೆಯ ಹುಡುಗನೊಬ್ಬನಿದ್ದಾನೆ. ಮದುವೆಯಾಗಿ ಹೆಂಡತಿಯನ್ನು ಈಗಷ್ಟೇ ಕರೆಸಿಕೊಂಡಿದ್ದಾನೆ. ಮೊನ್ನೆ ಕೇಳಿದ: "ಅಣ್ಣಾ, ಎರಡು ಲಕ್ಷ ದಿರ್ಹಾಂಗೆ ಬರುತ್ತೆ. ಡೌನ್ ಪೇಮೆಂಟ್ ಕೈಯಲ್ಲಿದೆ. ಬ್ಯಾಂಕಿನವರು ಮೂರು ಪರ್ಸೆಂಟ್ ಅಂತಾರೆ. ತೆಗೆದುಕೊಳ್ಳಲಾ?" ಅವನಿಗೆ ಹಾಕಿ ತೋರಿಸಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ.

ಯುಎಇ ಸೆಂಟ್ರಲ್ ಬ್ಯಾಂಕಿನ ನಿಯಮದಂತೆ ಕಾರಿನ ಬೆಲೆಯ ಶೇ. 80ರವರೆಗೆ ಮಾತ್ರ ಸಾಲ, ಅವಧಿ ಹೆಚ್ಚೆಂದರೆ 60 ತಿಂಗಳು. ಅಂದರೆ 40,000 ಕೈಯಿಂದ, 1,60,000 ಸಾಲ. ಬ್ಯಾಂಕ್ ಹೇಳುವ ಶೇ. 3 ಫ್ಲಾಟ್ ದರ. ಐದು ವರ್ಷಕ್ಕೆ ಬಡ್ಡಿ 24,000, ಇಎಂಐ ಸುಮಾರು 3,067. ಅಸಲು ತಿಂಗಳು ತಿಂಗಳು ಇಳಿಯುತ್ತಿದ್ದರೂ ಬಡ್ಡಿ ಪೂರ್ತಿ ಮೊತ್ತಕ್ಕೇ ಹಾಕುವುದರಿಂದ ನಿಜವಾದ ದರ ಸುಮಾರು ಶೇ. 5.6. ಒಟ್ಟು ಕೊಟ್ಟದ್ದು 2,24,000.

ಐದು ವರ್ಷದ ನಂತರ ಕಾರು 80,000ಕ್ಕೆ ಹೋಯಿತು ಅಂದುಕೊಳ್ಳೋಣ. ಕೈಬಿಟ್ಟದ್ದು 1,44,000 ದಿರ್ಹಾಂ. ದಿರ್ಹಾಂಗೆ 24 ರೂಪಾಯಿ ಹಿಡಿದರೆ 34 ಲಕ್ಷ ದಾಟುತ್ತದೆ. ಇನ್ಶೂರೆನ್ಸ್, ಸರ್ವಿಸ್, ಮುಲ್ಕಿಯಾ ನವೀಕರಣ ಇದರಲ್ಲಿ ಸೇರಿಲ್ಲ.

ಇದನ್ನು ಗ್ರಾಚ್ಯುಟಿಯ ಜೊತೆ ಇಟ್ಟು ನೋಡಿ. ಇಲ್ಲಿನ ಕಾನೂನಿನಂತೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ. ಬೇಸಿಕ್ 12,000 ಇದ್ದರೆ ಐದು ವರ್ಷಕ್ಕೆ ಸಿಗುವುದು 42,000. ಅಂದರೆ ಅದೇ ಐದು ವರ್ಷದಲ್ಲಿ ಕಾರು ತಿಂದದ್ದು ಗ್ರಾಚ್ಯುಟಿಯ ಮೂರು ಪಟ್ಟಿಗಿಂತ ಹೆಚ್ಚು.

ಒಳಭಾಗದ ಗುಣಮಟ್ಟ ಈ ಲೆಕ್ಕಕ್ಕೆ ಎಲ್ಲಿ ಬಂತು? ಆ 80,000ದಲ್ಲಿ. ಹಳೆಯ ಕಾರು ಕೊಳ್ಳಲು ಬಂದವನಿಗೆ ಎಂಜಿನ್ ಒಳಗೆ ಏನಿದೆ ಕಾಣುವುದಿಲ್ಲ. ಅವನು ಬಾಗಿಲು ತೆಗೆದು ಕೂರುತ್ತಾನೆ. ಬಟನ್ ಅಂಟಿದರೆ, ಛಾವಣಿ ಜೋತಿದ್ದರೆ, ಪರದೆಯ ಮೂಲೆ ಕಪ್ಪಾಗಿದ್ದರೆ, 'ಇದನ್ನೇ ನೋಡಿಕೊಂಡಿಲ್ಲ, ಒಳಗಿನದನ್ನು ಏನು ನೋಡಿಕೊಂಡಿರುತ್ತಾರೆ' ಎಂದು ಬೆಲೆ ಇಳಿಸುತ್ತಾನೆ. ನೀವು ಎಷ್ಟೇ ಚೆನ್ನಾಗಿ ಇಟ್ಟುಕೊಂಡಿದ್ದರೂ ತಯಾರಕರು ಉಳಿಸಿದ ದುಡ್ಡನ್ನು ನೀವು ತೆರುತ್ತೀರಿ.

ಗಲ್ಫಿನವರಿಗೆ ಇನ್ನೊಂದು ಬಿಗಿತವಿದೆ. ಊರಲ್ಲಿದ್ದರೆ ಬೆಲೆ ಬರುವವರೆಗೆ ಕಾರು ಮನೆಯಂಗಳದಲ್ಲಿ ನಿಲ್ಲಿಸಬಹುದು. ಇಲ್ಲಿ ಕೆಲಸ ಹೋದರೆ ವೀಸಾ ಮುಗಿಯುವ ಮೊದಲು ಸಾಲ ತೀರಿಸಿ ಕಾರು ಮಾರಬೇಕು. ಇಲ್ಲಿನ ಎಡಗಡೆ ಸ್ಟಿಯರಿಂಗ್ ಕಾರನ್ನು ಊರಿಗೆ ಒಯ್ಯಲು ಭಾರತದ ಆಮದು ನಿಯಮ ಬಿಡುವುದಿಲ್ಲ. ಅವಸರದಲ್ಲಿ ಮಾರುವವನಿಗೆ ಕೊಳ್ಳುವವನು ಹೇಳಿದ್ದೇ ಬೆಲೆ.

ಕೊಳ್ಳಲೇಬೇಕೆಂದಿದ್ದರೆ

ಲಕ್ಷುರಿ ಕಾರು ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ದುಡಿದವನಿಗೆ ಒಳ್ಳೆಯ ಸೀಟಿನಲ್ಲಿ ಕೂರುವ ಆಸೆ ತಪ್ಪಲ್ಲ. ಆದರೆ ಇಷ್ಟು ಮಾಡಿ:

1. ಹೊಸದನ್ನು ನೋಡುವ ಮೊದಲು ಅದೇ ಮಾದರಿಯ ಐದು ವರ್ಷ ಹಳೆಯ ಕಾರನ್ನು ಸೆಕೆಂಡ್ ಹ್ಯಾಂಡ್ ಯಾರ್ಡಿನಲ್ಲಿ ಹುಡುಕಿ, ಒಳಗೆ ಹತ್ತು ನಿಮಿಷ ಕೂರಿ. ನೀವು ಕೊಳ್ಳುತ್ತಿರುವುದು ನಿಜವಾಗಿ ಆ ಕಾರನ್ನು.

2. ಶೋರೂಮಿನಲ್ಲಿ ಕಣ್ಣಿನ ಮಟ್ಟದಲ್ಲಿರುವುದನ್ನು ಬಿಟ್ಟು ಬಾಗಿಲಿನ ಕೆಳಭಾಗ, ಸೀಟಿನ ಪಕ್ಕ, ಮಧ್ಯದ ಪೆಟ್ಟಿಗೆಯ ಬದಿ ಮುಟ್ಟಿ. ಕತ್ತರಿ ಮೊದಲು ಬೀಳುವುದು ಅಲ್ಲಿ. ಒತ್ತಿದಾಗ ಕಿರ್ ಅಂದರೆ, ಮರಳು ರಸ್ತೆಯಲ್ಲಿ ಅದು ದಿನದ ಸಂಗೀತವಾಗುತ್ತದೆ.

3. ಏಸಿ ಮತ್ತು ವಾಲ್ಯೂಮ್‌ಗೆ ನಿಜವಾದ ಗುಂಡಿ ಇದೆಯೇ ನೋಡಿ. ಈ ಊರಿನಲ್ಲಿ ಪರದೆ ಕೆಟ್ಟು ಏಸಿ ನಿಂತರೆ ಅದು ಅನಾನುಕೂಲವಲ್ಲ, ಅಪಾಯ.

4. ವಾರಂಟಿ ಮುಗಿದ ಮೇಲೆ ಪರದೆ ಬದಲಿಸಲು ಎಷ್ಟು ಎಂದು ಸರ್ವಿಸ್ ಕೌಂಟರಿನಲ್ಲಿ ಬರಹದಲ್ಲಿ ಕೇಳಿ, ಮಾರಾಟದವರ ಹತ್ತಿರ ಅಲ್ಲ. ಆ ಮೊತ್ತವನ್ನು ಕಾರಿನ ಬೆಲೆಗೆ ಈಗಲೇ ಸೇರಿಸಿ.

5. ಹಳೆಯದಾದರೆ ಜಿಸಿಸಿ ಸ್ಪೆಕ್ ಮಾತ್ರ. ಅಮೆರಿಕದಲ್ಲಿ ಅಪಘಾತವಾಗಿ ಇಲ್ಲಿಗೆ ಬಂದು ರಿಪೇರಿಯಾದ ಕಾರುಗಳಿಗೆ ಹೊಳಪು ಜಾಸ್ತಿ, ಬೆಲೆ ಕಡಿಮೆ. ಮುಸಫ್ಫಾದಲ್ಲೋ ನಿಮ್ಮೂರಿನ ಸನಾಯ್ಯಾದಲ್ಲೋ ಪರಿಚಯದ ಮೆಕ್ಯಾನಿಕ್‌ಗೆ ತೋರಿಸದೆ ಮುಂಗಡ ಕೊಡಬೇಡಿ.

6. ಕೊಂಡ ಮೇಲೆ ನೆರಳು ಮತ್ತು ಗಾಜಿನ ಮರೆಗೆ ಖರ್ಚು ಮಾಡಿ. ಇದಕ್ಕಿಂತ ಅಗ್ಗದ ಇನ್ಶೂರೆನ್ಸ್ ಬೇರೆ ಇಲ್ಲ.

ಶೇರು ಕೊಳ್ಳುವವರಿಗೂ ಇದರಲ್ಲಿ ಒಂದು ಮಾತಿದೆ. ಹೆಸರು ಎನ್ನುವುದು ಕಂಪನಿಯ ಹಳೆಯ ಎಫ್‌ಡಿ. ಹಿಂದಿನ ಎಂಜಿನಿಯರುಗಳು ಕಟ್ಟಿದ್ದು. ಅದನ್ನು ಸ್ವಲ್ಪ ಸ್ವಲ್ಪ ಮುರಿದು ಈ ತ್ರೈಮಾಸಿಕದ ಲಾಭಕ್ಕೆ ಸೇರಿಸಬಹುದು, ಯಾರಿಗೂ ತಕ್ಷಣ ಗೊತ್ತಾಗುವುದಿಲ್ಲ. ಲಾಭಾಂಶದ ಶೇಕಡಾ ಏರುತ್ತಿರುವಾಗ ಅದು ಹೊಸ ದುಡಿಮೆಯಿಂದ ಬಂತೋ, ಹಳೆಯ ಠೇವಣಿ ಮುರಿದು ಬಂತೋ ಎಂದು ಕೇಳಿ. ಬ್ಯಾಲೆನ್ಸ್ ಶೀಟಿನಲ್ಲಿ ಉತ್ತರ ಸಿಗದಿದ್ದರೆ ಐದು ವರ್ಷ ಹಳೆಯ ಕಾರಿನ ಬಾಗಿಲು ತೆಗೆದು ನೋಡಿ.

ಕುಂದಾಪುರದ ಹುಡುಗ ಇನ್ನೂ ತೀರ್ಮಾನ ಮಾಡಿಲ್ಲ. ಎರಡು ಲಕ್ಷದ ಬದಲು ಒಂದು ಲಕ್ಷದೊಳಗೆ, ಗುಂಡಿಗಳಿರುವ, ನಾಲ್ಕು ವರ್ಷದ ಒಂದು ಜಪಾನಿ ಕಾರನ್ನು ನೋಡುತ್ತಿದ್ದಾನಂತೆ. ಉಳಿದ ಇಎಂಐ ದುಡ್ಡಿನಲ್ಲಿ ಎಸ್‌ಐಪಿ ಶುರು ಮಾಡು ಎಂದಿದ್ದೇನೆ. ನಿಮ್ಮ ಕಾರು ಯಾವುದು, ಎಷ್ಟು ವರ್ಷದ್ದು, ಬಿಸಿಲಿಗೆ ಅದರ ಒಳಭಾಗ ಹೇಗೆ ನಿಂತಿದೆ, ತಿಳಿಸಿ. ಕೊಳ್ಳಲು ಹೊರಟವರಿಗೆ ಶೋರೂಮಿನ ಬ್ರೋಷರ್‌ಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.